ಹಸಿ ಅಚ್ಚು, ಆವಿಗೆಯ ಕಾವು: ಶಾಖ ತಾಳುವ ಕಾಂಪೋಸಿಟ್‌ಗಳ 3ಡಿ ಮುದ್ರಣ

ಕಲಬುರಗಿಯ ಮೇ ತಿಂಗಳ ಬಿಸಿಲು ಎಂಥದ್ದೆಂದು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಎಂಜಿನಿಯರಿಂಗ್ ಓದುವ ಅಕ್ಕನ ಮಗ 3ಡಿ ಪ್ರಿಂಟರಿನಲ್ಲಿ ಮಾಡಿಕೊಟ್ಟ ಮೊಬೈಲ್ ಹಿಡಿಕೆಯನ್ನು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡಿದ್ದೆ. ಮದುವೆಮನೆಯ ಮುಂದೆ ಗಾಡಿ ನಿಲ್ಲಿಸಿ ಊಟ ಮುಗಿಸಿ ಎರಡು ಗಂಟೆ ಬಿಟ್ಟು ಬಂದು ನೋಡಿದರೆ, ಹಿಡಿಕೆಯ ಎರಡೂ ತೋಳು ಬಾಡಿದ ಬಾಳೆಸುಳಿಯ ಹಾಗೆ ಮುಂದಕ್ಕೆ ಜೋತುಬಿದ್ದಿದ್ದವು. ಒಡೆದಿರಲಿಲ್ಲ, ಕರಗಿರಲೂ ಇಲ್ಲ. ತನ್ನ ಭಾರಕ್ಕೆ ತಾನೇ ಬಾಗಿತ್ತು.

ಅದು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕು. ಜೋಳದ ಪಿಷ್ಟದಂಥ ಮೂಲದಿಂದ ತಯಾರಾಗುತ್ತದೆ, ಮನೆಯ ಪ್ರಿಂಟರುಗಳಿಗೆ ಅಚ್ಚುಮೆಚ್ಚು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಅದು ಮೆತ್ತಗಾಗುತ್ತದೆ. ಮುಚ್ಚಿದ ಕಾರಿನ ಗಾಜಿನ ಹಿಂದೆ ಅಷ್ಟು ಬಿಸಿ ಏರುವುದು ನಮ್ಮ ಕಡೆ ದೊಡ್ಡ ಮಾತಲ್ಲ. ಆದರೆ ಪಿಎಲ್‌ಎ ಮುದ್ರಣಕ್ಕೆ ಒಗ್ಗುವುದೂ ಅದೇ ಕಾರಣಕ್ಕೆ. ಬೇಗ ಮೆತ್ತಗಾಗುತ್ತದೆ, ಸುಲಭವಾಗಿ ಹರಿಯುತ್ತದೆ, ತಣ್ಣಗಾಗುವಾಗ ಹೆಚ್ಚು ಸೊಟ್ಟಗಾಗುವುದಿಲ್ಲ. ಕಾವಿಗೆ ಕರಗಿದರೆ ಮಾತ್ರ ಪದರ ಪದರವಾಗಿ ಕಟ್ಟಬಹುದು. ಕಾವಿಗೆ ಕರಗುವುದನ್ನು ಕಾವಿರುವ ಕಡೆ ಬಳಸುವಂತಿಲ್ಲ. ವಿಮಾನದ ಎಂಜಿನ್ನಿನ ಪಕ್ಕದ ಕೊಳವೆಗೋ ರಾಕೆಟ್ಟಿನ ನಳಿಕೆಗೋ ಬೇಕಾದ ಭಾಗವನ್ನು ಮುದ್ರಿಸಹೊರಟವರೆಲ್ಲ ಎಡವಿರುವುದು ಈ ಗಂಟಿನಲ್ಲೇ.

ನಮ್ಮ ಕುಂಬಾರರು ಈ ಗಂಟನ್ನು ಬಿಚ್ಚಿ ಸಾವಿರಾರು ವರ್ಷಗಳಾದವು. ತಿಗರಿಯ ಮೇಲೆ ಮಣ್ಣು ಮಾತು ಕೇಳುವಾಗ ಆಕಾರ ಕೊಡುತ್ತಾರೆ. ಆ ಹಸಿ ಮಡಕೆಯನ್ನು ನೆರಳಲ್ಲಿ ಒಣಗಿಸಿ ಆವಿಗೆಯಲ್ಲಿಟ್ಟು ಸುಡುತ್ತಾರೆ. ಒಮ್ಮೆ ಸುಟ್ಟ ಮಡಕೆ ನೀರಿಗೆ ಬಿದ್ದರೂ ಮತ್ತೆ ಮಣ್ಣಾಗಿ ಕಲಸುವುದಿಲ್ಲ, ಒಲೆಯ ಮೇಲಿಟ್ಟರೂ ಬಾಗುವುದಿಲ್ಲ. ಬಿರುಕು ಬಿಡದಿರಲಿ ಎಂದು ಮಣ್ಣಿಗೆ ಮೊದಲೇ ಮರಳು, ಬೂದಿ ಬೆರೆಸಿರುತ್ತಾರೆ. ಶಾಖ ತಾಳುವ ಕಾಂಪೋಸಿಟ್‌ಗಳನ್ನು ಮುದ್ರಿಸುವ ಈಚಿನ ಪ್ರಯತ್ನಗಳನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ಕಂಡದ್ದು ಇದೇ ಹಾದಿ. ಪ್ರಿಂಟರು ಕೊಡುವುದು ಆಕಾರವನ್ನು. ತಾಳಿಕೆ ಹುಟ್ಟುವುದು ಆಮೇಲೆ, ಒಲೆಯಲ್ಲಿ. ಪ್ರಿಂಟರಿನ ಬಗ್ಗೆ ಇಷ್ಟೊಂದು ಬರೆಯುವ ನಾವು ಒಲೆಯ ಬಗ್ಗೆ ತೀರ ಕಡಿಮೆ ಬರೆದಿದ್ದೇವೆ.

ಕಾಂಪೋಸಿಟ್ ಎಂದರೆ ಎರಡು ವಸ್ತುಗಳ ಕೂಡುಬಾಳು. ಹುಲ್ಲು ಬೆರೆಸಿ ಕಟ್ಟಿದ ಮಣ್ಣಿನ ಗೋಡೆಯೂ ಕಾಂಪೋಸಿಟ್ಟೇ. ವಿಮಾನಗಳಲ್ಲಿ ಸಾಮಾನ್ಯವಾಗಿ ಕಾರ್ಬನ್ ನಾರು ಮತ್ತು ಅದನ್ನು ಹಿಡಿದಿಡುವ ರಾಳ ಒಟ್ಟಿಗಿರುತ್ತವೆ. ಬಿಸಿಯಲ್ಲಿ ಮೊದಲು ಕೈಬಿಡುವುದು ನಾರಲ್ಲ, ರಾಳ. ಮಾಮೂಲಿ ಎಪಾಕ್ಸಿ ರಾಳಗಳು 150 ಡಿಗ್ರಿಯ ಆಸುಪಾಸಿನಲ್ಲಿ ಸೋಲತೊಡಗುತ್ತವೆ. ಅದಕ್ಕೂ ಮೇಲೆ ಹೋಗಬೇಕೆಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನಾಸಾದ ಲೂಯಿಸ್ ಕೇಂದ್ರ (ಈಗ ಗ್ಲೆನ್ ಕೇಂದ್ರ) 1970ರ ದಶಕದ ಆರಂಭದಲ್ಲಿ ಪಿಎಂಆರ್-15 ಎಂಬ ಪಾಲಿಇಮೈಡ್ ರಾಳವನ್ನು ರೂಪಿಸಿತು. 288 ಡಿಗ್ರಿಯಲ್ಲಿ ಸಾವಿರಾರು ಗಂಟೆ ದುಡಿಯಬಲ್ಲ ರಾಳ ಅದು. ಜನರಲ್ ಎಲೆಕ್ಟ್ರಿಕ್‌ನ ಎಫ್404 ಎಂಜಿನ್ನಿನ ಹೊರಗವಚದ ಕೊಳವೆ ಮೊದಲು ಟೈಟಾನಿಯಂನಿಂದ ತಯಾರಾಗುತ್ತಿತ್ತು. ಆಮೇಲೆ ಪಿಎಂಆರ್-15 ಮತ್ತು ಕಾರ್ಬನ್ ಬಟ್ಟೆಯಿಂದ ತಯಾರಾಯಿತು. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನವನ್ನು ಹಾರಿಸುವುದು ಇದೇ ಎಫ್404 ಮನೆತನದ ಎಂಜಿನ್ನು.

ಪಿಎಂಆರ್-15ಕ್ಕೆ ಒಂದು ಕಳಂಕವಿದೆ. ಅದರಲ್ಲಿ ಬಳಸುವ ಎಂಡಿಎ ಎಂಬ ರಾಸಾಯನಿಕ ಕ್ಯಾನ್ಸರಿಗೆ ಕಾರಣವಾಗಬಲ್ಲದ್ದು. ರಾಳ ಹಚ್ಚಿದ ಬಟ್ಟೆಯನ್ನು ಕೈಯಿಂದ ಹಾಸುವ ಕೆಲಸಗಾರನಿಗೇ ಅದರ ಅಪಾಯ ಮೊದಲು. ಎಂಡಿಎ ಇಲ್ಲದ ರಾಳಗಳ ಹುಡುಕಾಟ ದಶಕಗಳ ಕಾಲ ನಡೆದದ್ದಕ್ಕೆ ಇದೂ ಒಂದು ಕಾರಣ. ಕೈ ತಾಗದಂತೆ ಯಂತ್ರವೇ ಭಾಗವನ್ನು ಕಟ್ಟಿದರೆ ಚೆನ್ನ ಎಂಬ ಆಸೆಗೆ ಇದು ನೀರೆರೆಯಿತು ಎಂದೇ ನಾನು ನಂಬಿದ್ದೇನೆ.

ಹಳೆಯ ವಿಧಾನದ ಶಿಸ್ತು ಮೆಚ್ಚುವಂಥದ್ದು. ಮೊದಲು ಲೋಹದ ಅಚ್ಚು ಬೇಕು. ಅದರ ಮೇಲೆ ರಾಳ ಹೀರಿದ ನಾರುಬಟ್ಟೆಯನ್ನು ಒಂದೊಂದೇ ಪದರ ಹಾಸಬೇಕು, ಪ್ರತಿ ಪದರದ ನಾರು ಯಾವ ದಿಕ್ಕಿಗೆ ಎಂಬುದು ಮೊದಲೇ ಗೊತ್ತಾಗಿರಬೇಕು. ಚೀಲ ಮುಚ್ಚಿ ಗಾಳಿ ಎಳೆದು ಆಟೊಕ್ಲೇವ್ ಎಂಬ ಆಳೆತ್ತರದ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಬೇಕು. ತೇಜಸ್‌ನ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಕಾಂಪೋಸಿಟ್ಟು. ಬೆಂಗಳೂರಿನ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್ ಈ ವಿದ್ಯೆಯನ್ನು ಕೈವಶ ಮಾಡಿಕೊಂಡು ಆಟೊಕ್ಲೇವ್‌ಗಳನ್ನೂ ಇಲ್ಲೇ ಕಟ್ಟಿಸಿತು. ರೆಕ್ಕೆಯಂಥ ವಿಶಾಲ ಭಾಗಗಳಿಗೆ ಇದನ್ನು ಮೀರಿಸುವ ದಾರಿ ಇನ್ನೂ ಹುಟ್ಟಿಲ್ಲ. ಕಷ್ಟ ಬರುವುದು ಅಂಕುಡೊಂಕಿನ ಸಣ್ಣ ಭಾಗಗಳಿಗೆ. ಇಪ್ಪತ್ತೇ ಬೇಕಾದ ಒಂದು ಬ್ರ್ಯಾಕೆಟ್ಟಿಗೆ, ಒಳಗೆ ತಿರುವುಗಳಿರುವ ಒಂದು ಗಾಳಿಕೊಳವೆಗೆ ಲೋಹದ ಅಚ್ಚು ಕಡೆಯುವ ಖರ್ಚು ಭಾಗದ ಬೆಲೆಯನ್ನೇ ನುಂಗಿಬಿಡುತ್ತದೆ. ಮುದ್ರಣಕ್ಕೆ ಅಚ್ಚೇ ಬೇಡ.

ಎಲ್ಲರಿಗೂ ಗೊತ್ತಿರುವ ಮುದ್ರಣ ವಿಧಾನ ಚಕ್ಕುಲಿ ಒರಳಿನದು. ಪ್ಲಾಸ್ಟಿಕ್ ಎಳೆಯನ್ನು ಬಿಸಿ ಮೂತಿಯಿಂದ ಒತ್ತಿ, ಗೆರೆಯ ಮೇಲೆ ಗೆರೆ ಹಾಕುತ್ತ ಹೋಗುವುದು. ಹೆಚ್ಚು ಬಿಸಿ ತಾಳುವ ಪ್ಲಾಸ್ಟಿಕ್ ಹಾಕಿಬಿಟ್ಟರೆ ಆಯಿತಲ್ಲ ಎಂದು ತೋರಬಹುದು. ಸ್ವಲ್ಪ ದೂರ ಅದು ನಿಜವೂ ಹೌದು. ಅಲ್ಟೆಮ್ ಎಂದು ಹೆಸರಾದ ಪಾಲಿಈಥರ್‌ಇಮೈಡ್ 217 ಡಿಗ್ರಿಯವರೆಗೆ ಬಿಗಿಯಾಗಿ ನಿಲ್ಲುತ್ತದೆ. ಅದರ ಬಂಧುವಾದ ಅಲ್ಟೆಮ್ 9085ರಿಂದ ಮುದ್ರಿಸಿದ ಸಾವಿರಕ್ಕೂ ಹೆಚ್ಚು ಬಿಡಿಭಾಗಗಳು 2014ರ ಕೊನೆಯಲ್ಲಿ ಹಸ್ತಾಂತರವಾದ ಮೊದಲ ಏರ್‌ಬಸ್ ಎ350ರಲ್ಲೇ ಇದ್ದವು. ಪೀಕ್ ಎಂಬ ಪ್ಲಾಸ್ಟಿಕ್ಕು 143 ಡಿಗ್ರಿಗೆ ಸ್ವಲ್ಪ ಸಡಿಲವಾದರೂ ಅದರ ಹರಳುಗಳು ಕರಗಲು 343 ಡಿಗ್ರಿ ಬೇಕು. ಅದರ ತಮ್ಮ ಪೆಕ್‌ನ ಪುಡಿಯನ್ನು ಲೇಸರಿನಿಂದ ಬೆಸೆದು ಮಾಡಿದ ಸುಮಾರು 600 ಭಾಗಗಳನ್ನು ಬೋಯಿಂಗ್ ತನ್ನ ಸ್ಟಾರ್‌ಲೈನರ್ ಗಗನನೌಕೆಗೆ ತೆಗೆದುಕೊಂಡಿತು.

ಆದರೆ ಈ ಮೆಟ್ಟಿಲು ಹತ್ತಿದಂತೆ ಮುದ್ರಣ ಕಠಿಣವಾಗುತ್ತ ಹೋಗುತ್ತದೆ. ಪೀಕ್ ಒತ್ತುವ ಮೂತಿ 400 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಭಾಗ ಬೆಳೆಯುವ ಕೋಣೆಯೂ ಒಲೆಯಂತೆ ಕಾಯ್ದಿರಬೇಕು. ಇಲ್ಲವಾದರೆ ಕೆಳಪದರ ತಣ್ಣಗಾಗಿ ಕುಗ್ಗುವಾಗ ಮೇಲಿನದು ಇನ್ನೂ ಬಿಸಿಯಿರುತ್ತದೆ, ಮೂಲೆಗಳು ಹಪ್ಪಳದ ಹಾಗೆ ಮೇಲೆದ್ದುಬಿಡುತ್ತವೆ. ಬೇಗ ತಣ್ಣಗಾದ ಪೀಕ್ ಕಣ್ಣಿಗೇ ಕಾಣುತ್ತದೆ. ಸರಿಯಾಗಿ ಹರಳುಗಟ್ಟಿದ ಜಾಗ ಕೆನೆಬಣ್ಣಕ್ಕಿದ್ದರೆ, ಅವಸರದಲ್ಲಿ ಆರಿದ ಅಂಚು ಬೆಲ್ಲದ ಪಾಕದಂತೆ ಕಂದಾಗಿ, ಅರೆಪಾರದರ್ಶಕವಾಗಿ ಉಳಿದಿರುತ್ತದೆ. ಆ ಕಂದು ಪಟ್ಟೆಯೇ ಆಮೇಲೆ ಬಿಸಿಗೆ ಮೊದಲು ಬಾಗುವ ಜಾಗ.

ಕಾರ್ಬನ್ ನಾರಿನ ತುಣುಕುಗಳನ್ನು ಪ್ಲಾಸ್ಟಿಕ್ಕಿಗೆ ಬೆರೆಸುವುದು ಭಾಗವನ್ನು ಗಟ್ಟಿ ಮಾಡಲಿಕ್ಕೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನನಗೆ ಅದರ ಇನ್ನೊಂದು ಉಪಕಾರವೇ ದೊಡ್ಡದೆನಿಸುತ್ತದೆ. ಬಿಸಿಗೆ ಕಾರ್ಬನ್ ನಾರು ಹಿಗ್ಗುವುದೂ ಇಲ್ಲ, ಆರಿದರೆ ಕುಗ್ಗುವುದೂ ಇಲ್ಲ ಎನ್ನಬಹುದು. ಆದ್ದರಿಂದ ಭಾಗ ಸೊಟ್ಟಗಾಗುವುದು ಬಹಳ ಕಡಿಮೆಯಾಗುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಕಾಯಿಸಿದ ಕೋಣೆಯೇ ಇಲ್ಲದೆ ಕಾರಿನಷ್ಟು ದೊಡ್ಡ ಭಾಗಗಳನ್ನು ಮುದ್ರಿಸಲು ಸಾಧ್ಯವಾದದ್ದು ಇದರಿಂದ. 2014ರಲ್ಲಿ ಷಿಕಾಗೋದ ಯಂತ್ರಮೇಳದಲ್ಲಿ ಸ್ಟ್ರಾಟಿ ಎಂಬ ಕಾರಿನ ಒಡಲು ಜನರ ಕಣ್ಣೆದುರೇ 44 ಗಂಟೆಯಲ್ಲಿ ಮುದ್ರಣವಾಯಿತು. 2016ರಲ್ಲಿ ಬೋಯಿಂಗ್ 777ಎಕ್ಸ್ ರೆಕ್ಕೆ ಕೆಲಸಕ್ಕೆ ಬೇಕಾದ 17.5 ಅಡಿ ಉದ್ದ, 1,650 ಪೌಂಡ್ ತೂಕದ ಒಂದು ಹತಾರ ಸುಮಾರು 30 ಗಂಟೆಯಲ್ಲಿ ಮುದ್ರಣಗೊಂಡು ಗಿನ್ನೆಸ್ ದಾಖಲೆ ಸೇರಿತು. ಆಮೇಲೆ ಪಿಪಿಎಸ್‌ನಂಥ ಪ್ಲಾಸ್ಟಿಕ್ಕಿಗೆ ಕಾರ್ಬನ್ ನಾರು ಬೆರೆಸಿ ಆಟೊಕ್ಲೇವಿನೊಳಗೆ 180 ಡಿಗ್ರಿ ಕಾವು, ಒತ್ತಡ ಎರಡನ್ನೂ ತಾಳುವ ಅಚ್ಚುಗಳನ್ನೇ ಮುದ್ರಿಸಿ ನೋಡಿದರು.

ಮುದ್ರಿತ ಕಾಂಪೋಸಿಟ್ ಇಂದು ನಿಜವಾಗಿ ಹಣ ಉಳಿಸುತ್ತಿರುವ ಜಾಗ ಈ ಅಚ್ಚುಗಳೇ. ಹಾರುವ ಭಾಗ ಸೋತರೆ ಪ್ರಾಣ ಹೋಗುತ್ತದೆ, ಅಚ್ಚು ಸೋತರೆ ಇನ್ನೊಂದನ್ನು ಮುದ್ರಿಸಿದರಾಯಿತು. ಹೊಸ ವಿದ್ಯೆಯೊಂದು ಕೈಕಾಲು ಬಲಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ?

300 ಡಿಗ್ರಿಯನ್ನು ದಾಟಬೇಕೆಂದರೆ ಮಾತ್ರ ಕರಗಿ ಆರುವ ಪ್ಲಾಸ್ಟಿಕ್ಕುಗಳ ಸಂಗ ಬಿಡಬೇಕಾಗುತ್ತದೆ. ಬೇಕಾಗುವುದು ಥರ್ಮೋಸೆಟ್ ರಾಳ, ಎಂದರೆ ಒಮ್ಮೆ ಬೆಂದರೆ ಅಣುಗಳು ಒಂದಕ್ಕೊಂದು ಗಂಟುಬಿದ್ದು ಮತ್ತೆಂದೂ ಕರಗದ್ದು. ಚಪಾತಿ ಮತ್ತೆ ಹಿಟ್ಟಾಗದ ಹಾಗೆ. ಈ ದಾರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಕೆಲಸ 2017ರಲ್ಲಿ ಪ್ರಕಟವಾದದ್ದು. ಓಹಾಯೊದ ಡೇಟನ್ ಬಳಿಯ ವಾಯುಪಡೆ ಸಂಶೋಧನಾ ಪ್ರಯೋಗಾಲಯದ ಹಿಲ್ಮರ್ ಕರ್ನರ್, ನಾಸಾ ಗ್ಲೆನ್ ಕೇಂದ್ರ ಮತ್ತು ಲೂಯಿವಿಲ್ ವಿಶ್ವವಿದ್ಯಾಲಯದ ಜೊತೆಗಾರರು ಸೇರಿ ಆರ್‌ಟಿಎಂ370 ಎಂಬ ಪಾಲಿಇಮೈಡಿನಿಂದ ಭಾಗಗಳನ್ನು ಮುದ್ರಿಸಿದರು. ಈ ರಾಳವನ್ನು ನಾಸಾ ಗ್ಲೆನ್‌ನ ಕ್ಯಾಥಿ ಚುವಾಂಗ್ ರೂಪಿಸಿದ್ದು. ಹೆಸರಿನಲ್ಲಿರುವ 370 ಅದು ಪೂರ್ತಿ ಬೆಂದ ಮೇಲೆ ಮೆತ್ತಗಾಗುವ ಉಷ್ಣತೆ.

ವಿಧಾನ ಲೇಸರ್ ಸಿಂಟರಿಂಗ್. ರಾಳದ ಪುಡಿಯನ್ನು ತೆಳುವಾಗಿ ಹರಡಿ, ಬೇಕಾದ ಕಡೆ ಮಾತ್ರ ಲೇಸರ್ ಓಡಿಸಿ ಕಣಗಳನ್ನು ಬೆಸೆದು, ಮೇಲೆ ಇನ್ನೊಂದು ಪದರ ಪುಡಿ ಹರಡುವುದು. ಬರೀ ರಾಳದ ಪುಡಿಯಿಂದ ಮಾಡಿದ ಭಾಗಗಳು ಯಂತ್ರದಿಂದ ಹೊರಬಂದಾಗ ನೋಡಲು ಅಚ್ಚುಕಟ್ಟಾಗಿಯೇ ಇದ್ದವು. ಅವುಗಳನ್ನು ಗಟ್ಟಿಗೊಳಿಸಲು ಒಲೆಗಿಟ್ಟಾಗ ಕರಗಿ ಮಡುಗಟ್ಟಿದವು. ಲೇಸರ್ ಪುಡಿಯನ್ನು ಬೆಸೆದಿತ್ತೇ ಹೊರತು ಅಣುಗಳನ್ನು ಗಂಟುಹಾಕಿರಲಿಲ್ಲ. ಆ ಗಂಟು ಬೀಳಲು ಬೇಕಾದಷ್ಟು ಕಾವು ಏರುವ ಮೊದಲೇ ಹಸಿ ಭಾಗ ತನ್ನ ಆಕಾರ ಕಳೆದುಕೊಳ್ಳುತ್ತಿತ್ತು. ಮಳೆಗೆ ಸಿಕ್ಕ ಹಸಿ ಮಡಕೆಯ ಗತಿ.

ಈ ಬಿಕ್ಕಟ್ಟನ್ನು ಬಿಡಿಸಿದ್ದು ಕಾರ್ಬನ್ ನಾರು. ಪುಡಿಗೆ ಸಣ್ಣ ನಾರಿನ ತುಣುಕುಗಳನ್ನು ಬೆರೆಸಿದಾಗ ಎರಡು ಸಂಗತಿ ಒಟ್ಟಿಗೆ ನಡೆದವು. ಕಪ್ಪು ನಾರು ಲೇಸರಿನ ಶಕ್ತಿಯನ್ನು ಚೆನ್ನಾಗಿ ಹೀರಿ ಸುತ್ತಲಿನ ರಾಳಕ್ಕೆ ಹಂಚಿತು, ಬೆಸುಗೆ ಬೇಗವೂ ಆಳವಾಗಿಯೂ ಆಯಿತು. ಒಲೆಯಲ್ಲಿ ರಾಳ ಮೆತ್ತಗಾದಾಗ ನಾರುಗಳ ಜಾಲ ಅದನ್ನು ಹರಿಯಗೊಡದೆ ಹಿಡಿದು ನಿಲ್ಲಿಸಿತು. ಕುಂಬಾರ ಮಣ್ಣಿಗೆ ಬೆರೆಸಿದ ಮರಳು ನೆನಪಾಗುವುದಿಲ್ಲವೇ? 300 ಡಿಗ್ರಿಗಿಂತ ಹೆಚ್ಚು ತಾಳುವ ಆ ಭಾಗಗಳು ಆವರೆಗೆ ಮುದ್ರಿಸಲಾದ ಪಾಲಿಮರ್ ಕಾಂಪೋಸಿಟ್‌ಗಳಲ್ಲೇ ಅತಿ ಹೆಚ್ಚು ಬಿಸಿಗೆ ಸಲ್ಲುವವು ಎಂದು ತಂಡ ಪ್ರಕಟಿಸಿತು.

ಇಲ್ಲಿ ಒಲೆ ಹಚ್ಚುವ ಕ್ರಮವನ್ನು ಗಮನಿಸಬೇಕು. ರಾಳ ಬೇಯುತ್ತ ಹೋದಂತೆ ಅದು ಮೆತ್ತಗಾಗುವ ಉಷ್ಣತೆಯೂ ಏರುತ್ತ ಹೋಗುತ್ತದೆ. ಒಲೆಯ ಕಾವು ಯಾವಾಗಲೂ ರಾಳದ ತಾಳಿಕೆಗಿಂತ ಒಂದು ಹೆಜ್ಜೆ ಹಿಂದೆ ಇರಬೇಕು. ಅವಸರಪಟ್ಟರೆ ಆಕಾರ ಹೋಗುತ್ತದೆ, ತೀರ ನಿಧಾನಿಸಿದರೆ ಬೇಯುವುದೇ ನಿಂತುಬಿಡುತ್ತದೆ. ಆವಿಗೆಗೆ ಮೊದಲು ಹೊಗೆ, ಆಮೇಲೆ ಸಣ್ಣ ಉರಿ, ಕೊನೆಗೆ ದೊಡ್ಡ ಬೆಂಕಿ ಎಂದು ಕುಂಬಾರರು ಇಡುವ ಲೆಕ್ಕಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಇದೇ ಗಂಟನ್ನು ಬೇರೆ ಬೇರೆ ಕಡೆಯಿಂದ ಬಿಚ್ಚಿದವರೂ ಇದ್ದಾರೆ. 2014ರಲ್ಲಿ ಹಾರ್ವರ್ಡ್‌ನ ಬ್ರೆಟ್ ಕಾಂಪ್ಟನ್ ಮತ್ತು ಜೆನಿಫರ್ ಲೂಯಿಸ್ ಎಪಾಕ್ಸಿ ರಾಳಕ್ಕೆ ಅತಿಸಣ್ಣ ಜೇಡಿಮಣ್ಣಿನ ಹಾಳೆಗಳನ್ನೂ ಸಿಲಿಕಾನ್ ಕಾರ್ಬೈಡ್ ಸೂಜಿಗಳನ್ನೂ ಕಾರ್ಬನ್ ನಾರನ್ನೂ ಬೆರೆಸಿ, ಕಾಯಿಸದೆಯೇ ಒತ್ತಬಲ್ಲ ಗಟ್ಟಿ ಶಾಯಿ ಮಾಡಿದರು. ಮೂತಿಯಿಂದ ಹೊರಬಂದ ಗೆರೆ ಹರಡದೆ ನಿಲ್ಲುವುದು ಜೇಡಿಯ ಬಲದಿಂದ; ಬೇಯಿಸುವುದು ಆಮೇಲೆ. ಮೂತಿಯಲ್ಲಿ ನುಸುಳುವಾಗ ನಾರೆಲ್ಲ ಗೆರೆಯ ದಿಕ್ಕಿಗೇ ತಿರುಗಿಕೊಳ್ಳುವುದರಿಂದ ಎಲ್ಲಿ ಬಲ ಬೇಕೋ ಆ ಕಡೆಗೆ ಗೆರೆ ಎಳೆಯಬಹುದು. 2017ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಕ್ಯಾಪ್ಟಾನ್ ಎಂದು ಹೆಸರಾದ ಪಾಲಿಇಮೈಡನ್ನೇ ಬೆಳಕಿನಿಂದ ಮುದ್ರಿಸಿದರು. ಗಗನನೌಕೆಗಳ ಹೊನ್ನಬಣ್ಣದ ಹೊದಿಕೆಯಲ್ಲಿ ಕಾಣುವ ಹಾಳೆ ಅದು, 550 ಡಿಗ್ರಿ ದಾಟುವವರೆಗೆ ಕೆಡದು, ಕರಗುವುದಂತೂ ಇಲ್ಲವೇ ಇಲ್ಲ. ಕರಗದ್ದನ್ನು ಮುದ್ರಿಸಿದ್ದು ಹೇಗೆಂದರೆ, ಅದರ ಹಸಿ ರೂಪವನ್ನು ಮುದ್ರಿಸಿ ಒಲೆಯಲ್ಲಿ ಪಾಲಿಇಮೈಡಾಗಿ ಮಾರ್ಪಡಿಸಿ. ಮತ್ತೆ ಅದೇ ಕಥೆ.

ಇನ್ನೂ ಮೇಲಕ್ಕೆ ಹೋದರೆ ಇಂಗಾಲದ ಪರಮಾಣುಗಳಿಂದ ಕಟ್ಟಿದ ಯಾವ ರಾಳವೂ ಉಳಿಯದು. ಗಾಳಿಯಿದ್ದರೆ ಕಾರ್ಬನ್ ನಾರೇ 500 ಡಿಗ್ರಿಯ ಆಸುಪಾಸಿನಲ್ಲಿ ಸವೆಯತೊಡಗುತ್ತದೆ. ಅಲ್ಲಿಂದಾಚೆ ಪಿಂಗಾಣಿಯ ಕುಲದವುಗಳ ರಾಜ್ಯ, ಮುಖ್ಯವಾಗಿ ಸಿಲಿಕಾನ್ ಕಾರ್ಬೈಡ್. 2016ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಲಿಬೂನಲ್ಲಿರುವ ಎಚ್‌ಆರ್‌ಎಲ್ ಪ್ರಯೋಗಾಲಯದ ಝ್ಯಾಕ್ ಎಕೆಲ್, ಟೋಬಿಯಾಸ್ ಷೇಡ್ಲರ್ ಮತ್ತು ಸಂಗಡಿಗರು ಸಿಲಿಕಾನ್ ಇರುವ ರಾಳವನ್ನು ನೇರಳಾತೀತ ಬೆಳಕಿನಲ್ಲಿ ಮುದ್ರಿಸಿ, 1,000 ಡಿಗ್ರಿಯಲ್ಲಿ ಸುಟ್ಟು ಪಿಂಗಾಣಿ ಮಾಡಿದ ಬಗೆಯನ್ನು ವರದಿ ಮಾಡಿದರು. ಜೇನುಗೂಡಿನಂಥ ಸೂಕ್ಷ್ಮ ಜಾಲರಿಗಳು 1,700 ಡಿಗ್ರಿಯನ್ನೂ ಎದುರಿಸಿದವು. ಸುಡುವಾಗ ಭಾಗ ನೂರಕ್ಕೆ ಸುಮಾರು 42 ಪಾಲು ತೂಕ ಕಳೆದುಕೊಂಡು ಉದ್ದದಲ್ಲಿ ನೂರಕ್ಕೆ 30 ಪಾಲು ಕುಗ್ಗುತ್ತದೆ. ಕುಗ್ಗುವುದು ಎಲ್ಲ ಕಡೆಗೂ ಸಮನಾಗಿ ಇರುವುದರಿಂದ ಮೊದಲೇ ಲೆಕ್ಕ ಹಾಕಿ ದೊಡ್ಡದಾಗಿ ಮುದ್ರಿಸಬಹುದು. ಆದರೆ ಒಳಗಿನ ಅನಿಲ ಹೊರಹೋಗಬೇಕಲ್ಲ. ಆದ್ದರಿಂದ ತೆಳು ಗೋಡೆಗಳಿಗೆ ಒಗ್ಗಿದ ಈ ವಿಧಾನ ದಪ್ಪ ಭಾಗಗಳಿಗೆ ಒಗ್ಗದು.

ಕುಗ್ಗದ ದಾರಿಯನ್ನು ಓಕ್ ರಿಡ್ಜ್ ಹಿಡಿಯಿತು. ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಹರಡಿ, ಇಂಕ್‌ಜೆಟ್‌ನಂಥ ಮೂತಿಯಿಂದ ಅಂಟು ಸಿಂಪಡಿಸಿ ಆಕಾರ ಕೊಡುವುದು. ಆ ಸಡಿಲ ಭಾಗವನ್ನು ಕುಲುಮೆಯಲ್ಲಿಟ್ಟು ಅನಿಲ ಹಾಯಿಸಿದರೆ ರಂಧ್ರಗಳಲ್ಲೆಲ್ಲ ಸಿಲಿಕಾನ್ ಕಾರ್ಬೈಡೇ ಕಟ್ಟಿಕೊಳ್ಳುತ್ತ ಬರುತ್ತದೆ. ಅಣುಸ್ಥಾವರದ ಒಡಲಿಗೆ ಬೇಕಾದ ಭಾಗಗಳನ್ನು ಅವರು ಹೀಗೆ ಮಾಡಿದರು. ಆಕಾರ ಕೂದಲೆಳೆಯಷ್ಟೂ ಕದಲದು, ಕುಲುಮೆಯ ಕೆಲಸ ಮಾತ್ರ ಬಹಳ ನಿಧಾನ.

ಇಲ್ಲಿ ಒಂದು ತಕರಾರು ಎತ್ತಲೇಬೇಕು. ಏರ್‌ಬಸ್ ಎ320 ನಿಯೋದಲ್ಲಿ 2016ರಿಂದ ಹಾರುತ್ತಿರುವ ಲೀಪ್ ಎಂಜಿನ್ನಿನ ಟರ್ಬೈನ್ ಸುತ್ತಲಿನ ಕವಚ ಸಿಲಿಕಾನ್ ಕಾರ್ಬೈಡ್ ನಾರನ್ನು ಸಿಲಿಕಾನ್ ಕಾರ್ಬೈಡ್‌ನಲ್ಲೇ ಹುದುಗಿಸಿದ ಕಾಂಪೋಸಿಟ್ಟು. ತೂಕ ನಿಕಲ್ ಮಿಶ್ರಲೋಹದ ಮೂರನೇ ಒಂದು, ತಾಳಿಕೆ ಸುಮಾರು 1,300 ಡಿಗ್ರಿ. ಅದೇ ಎಂಜಿನ್ನಿನ ಇಂಧನ ಮೂತಿ 20 ತುಂಡುಗಳ ಬದಲು ಒಂದೇ ತುಂಡಾಗಿ ಮುದ್ರಣವಾಗುತ್ತದೆ. ಪತ್ರಿಕೆಗಳು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಓದುಗರನ್ನು ಗೊಂದಲಕ್ಕೆ ತಳ್ಳಿವೆ. ಮುದ್ರಣವಾಗುವುದು ಲೋಹದ ಮೂತಿ. ಪಿಂಗಾಣಿ ಕವಚ ಮುದ್ರಣವಾಗುವುದಿಲ್ಲ, ಉದ್ದನೆಯ ನಾರನ್ನು ಹಾಸಿ ಬೇಯಿಸುವ ಹಳೆಯ ಹಾದಿಯಲ್ಲೇ ಬರುತ್ತದೆ.

ಕಾರಣ ಆಳದ್ದು. ಪಿಂಗಾಣಿ ಬಟ್ಟಲು ಕೈಜಾರಿದರೆ ಚೂರಾಗುತ್ತದೆ, ಏಕೆಂದರೆ ಒಮ್ಮೆ ಹುಟ್ಟಿದ ಬಿರುಕನ್ನು ತಡೆಯುವವರಿಲ್ಲ. ಪಿಂಗಾಣಿ ಕಾಂಪೋಸಿಟ್‌ನಲ್ಲಿ ಪ್ರತಿ ನಾರಿಗೂ ಬೋರಾನ್ ನೈಟ್ರೈಡ್‌ನಂಥ ಜಾರು ಲೇಪವಿರುತ್ತದೆ. ಬಿರುಕು ನಾರನ್ನು ಮುಟ್ಟಿದಾಗ ಕತ್ತರಿಸಿ ಹೋಗದೆ ಲೇಪದುದ್ದಕ್ಕೆ ಪಕ್ಕಕ್ಕೆ ತಿರುಗುತ್ತದೆ. ನಾರು ಮಣ್ಣಿನಿಂದ ಬೇರು ಕೀಳುವಂತೆ ಜಗ್ಗಿ ಜಗ್ಗಿ ಹೊರಬರುತ್ತ ಆ ಶಕ್ತಿಯನ್ನೆಲ್ಲ ನುಂಗಿಕೊಳ್ಳುತ್ತದೆ. ಇದಕ್ಕೆ ನಾರು ಉದ್ದವಿರಬೇಕು, ಲೇಪ ಮುಕ್ಕಾಗದೆ ಉಳಿದಿರಬೇಕು. ಪುಡಿಯಲ್ಲಿ ಬೆರೆಸಿದ ಚೂರು ನಾರು ಇಷ್ಟನ್ನು ಮಾಡಲಾರದು. ನಾಸಾ ಗ್ಲೆನ್‌ನಲ್ಲಿ ಜೋಸೆಫ್ ಗ್ರೇಡಿ, ಮೃತ್ಯುಂಜಯ ಸಿಂಗ್ ಮೊದಲಾದವರು 2015ರ ಸುಮಾರಿಗೆ ಲೋಹವೇ ಇಲ್ಲದ ಎಂಜಿನ್ನನ್ನು ಮುದ್ರಿಸಬಹುದೇ ಎಂದು ಪರೀಕ್ಷಿಸಿ ಪಿಂಗಾಣಿ ಕಾಂಪೋಸಿಟ್‌ನ ಟರ್ಬೈನ್ ಭಾಗಗಳನ್ನು ಮುದ್ರಿಸಿ ನೋಡಿದ್ದರು. ಧೈರ್ಯದ ಕೆಲಸ, ನಾನು ಗೌರವದಿಂದಲೇ ಓದಿದ್ದೇನೆ. ಆದರೆ ಚೂರು ನಾರಿನ ಮುದ್ರಿತ ಪಿಂಗಾಣಿಯನ್ನೂ ಉದ್ದ ನಾರಿನ ಪಿಂಗಾಣಿಯನ್ನೂ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ. ಒಂದು ಬಿಸಿ ತಾಳುತ್ತದೆ. ಇನ್ನೊಂದು ಬಿಸಿಯನ್ನೂ ತಾಳುತ್ತದೆ, ಪೆಟ್ಟನ್ನೂ ತಾಳುತ್ತದೆ.

ಆ ಪೆಟ್ಟಿನ ಮಾತು ನಮಗೆ ಹತ್ತಿರದ್ದು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಾತಿಗಳು ಕೊಲಂಬಿಯಾ ನೌಕೆಯೊಂದಿಗೆ ಇಲ್ಲವಾದರು. ಎಡ ರೆಕ್ಕೆಯ ಮುಂಗಡೆಯ ಕಾರ್ಬನ್-ಕಾರ್ಬನ್ ಹಲಗೆ 1,600 ಡಿಗ್ರಿಯ ಕಾವಿಗೂ ಜಗ್ಗದ ಕಾಂಪೋಸಿಟ್ಟು. ಹಾರಿದ 82ನೆಯ ಸೆಕೆಂಡಿನಲ್ಲಿ ಇಂಧನ ತೊಟ್ಟಿಯಿಂದ ಕಿತ್ತುಬಂದ ಹಗುರ ನೊರೆಯ ತುಂಡು ಬಡಿದು ಅದರಲ್ಲಿ ತೂತಾಯಿತು. ಮರಳುವಾಗ ಬಿಸಿ ಅನಿಲ ಆ ತೂತಿನಿಂದ ನುಗ್ಗಿ ಒಳಗಿನ ಅಲ್ಯುಮಿನಿಯಂ ಚೌಕಟ್ಟನ್ನು ಕರಗಿಸಿತು. ಶಾಖ ತಾಳುವ ಭಾಗ ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹಲಗೆ.

ಶಾಖಕವಚಗಳ ಕೆಲಸದಲ್ಲಿ ಮುದ್ರಣಕ್ಕೆ ನಿಜವಾದ ಭವಿಷ್ಯವಿದೆ. ಅಪೊಲೊ ನೌಕೆಯ ಕವಚದಲ್ಲಿ ಆವ್‌ಕೋಟ್ ಎಂಬ ಮಿಶ್ರಣವನ್ನು ಜೇನುಗೂಡಿನ 3 ಲಕ್ಷಕ್ಕೂ ಹೆಚ್ಚು ಗೂಡುಗಳಿಗೆ ಕೆಲಸಗಾರರು ಒಂದೊಂದಾಗಿ ಕೈಯಾರೆ ತುಂಬಿದ್ದರು. 2014ರ ಒರಾಯನ್ ನೌಕೆಗೂ ಅದನ್ನೇ ಮಾಡಿದರು. ಶ್ರಮ ಉಳಿಸಲೆಂದು ಮುಂದಿನ ಒರಾಯನ್‌ಗೆ ಅಚ್ಚಿನ ಗಟ್ಟಿಗಳನ್ನು ಅಂಟಿಸಿದಾಗ, 2022ರ ಆರ್ಟೆಮಿಸ್-1ರ ಮರಳುದಾರಿಯಲ್ಲಿ ಕರಿಕಲು ಹೆಂಟೆಗಳು ನೂರಕ್ಕೂ ಹೆಚ್ಚು ಕಡೆ ಕಿತ್ತುಹೋದವು. ಒಳಗೆ ಹುಟ್ಟಿದ ಅನಿಲಕ್ಕೆ ಹೊರಹೋಗಲು ಸಾಕಷ್ಟು ರಂಧ್ರಗಳಿರಲಿಲ್ಲ ಎಂದು ತನಿಖೆ ತೋರಿಸಿತು. ಎಂಜಿನ್ನಿನ ಕೊಳವೆಯಲ್ಲಿ ರಂಧ್ರ ದೋಷವಾದರೆ ಇಲ್ಲಿ ಅದೇ ಪ್ರಾಣವಾಯು. ಎಲ್ಲಿ ಎಷ್ಟು ರಂಧ್ರ ಎಂದು ಗೆರೆ ಗೆರೆಗೂ ನಿರ್ಧರಿಸಬಲ್ಲದ್ದು ಮುದ್ರಣ ಮಾತ್ರ. ನಾಸಾದ ಜಾನ್ಸನ್ ಕೇಂದ್ರ ಕವಚವನ್ನು ನೇರವಾಗಿ ನೌಕೆಯ ಒಡಲ ಮೇಲೇ ಮುದ್ರಿಸುವ ಪ್ರಯೋಗಕ್ಕೆ ಕೈಹಾಕಿರುವುದು ಸುಮ್ಮನೆ ಅಲ್ಲ.

ಬೇಡದ ರಂಧ್ರಗಳ ವಿಷಯಕ್ಕೆ ಬಂದರೆ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಡದ್ದನ್ನು ಹೇಳಬೇಕು. ಕಾರ್ಬನ್ ನಾರು ಬೆರೆಸಿ ಮುದ್ರಿಸಿದ ಬೆರಳುದ್ದದ ಎರಡು ಪಟ್ಟಿಗಳನ್ನು ಅಲ್ಲಿನ ತಂತ್ರಜ್ಞರು ನನ್ನ ಕೈಗಿಟ್ಟು ಮುರಿಯಿರಿ ಎಂದರು. ಅಡ್ಡ ಮಲಗಿಸಿ ಮುದ್ರಿಸಿದ್ದು ಎರಡೂ ಕೈ ಹಾಕಿದರೂ ಜಗ್ಗಲಿಲ್ಲ. ನಿಲ್ಲಿಸಿ ಮುದ್ರಿಸಿದ್ದು ಹೆಬ್ಬೆರಳ ಒತ್ತಿಗೇ ಟಕ್ಕೆಂದಿತು. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ತೋರಿಸಿದರು: ಒಂದು ಪದರದಿಂದ ಇನ್ನೊಂದಕ್ಕೆ ಒಂದು ನಾರೂ ದಾಟಿರಲಿಲ್ಲ. ಗೆರೆ ಗೆರೆಯ ನಡುವೆ ಸಾಲಾಗಿ ಮುಕ್ಕೋನದ ಸಣ್ಣ ತೂತುಗಳು, ಗೆರೆಯೊಳಗೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಒಳಗಿನ ಗುಳ್ಳೆಗಳು ನೀರಿನವು ಎಂದರು. ತೆರೆದಿಟ್ಟ ಪ್ಲಾಸ್ಟಿಕ್ ಎಳೆ ಮಳೆಗಾಲದ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಸಿ ಮೂತಿಯಲ್ಲಿ ಅದು ಆವಿಯಾಗಿ ಗುಳ್ಳೆಕಟ್ಟುತ್ತದೆ. ಲೋಹವಿಲ್ಲದ ಎಂಜಿನ್ ಮುದ್ರಿಸುವ ನಾಸಾದ ಆ ಪ್ರಯತ್ನದಲ್ಲೂ ಅಲ್ಟೆಮ್ ಭಾಗಗಳ ರಂಧ್ರಗಳಿಗೆ ತೇವವೇ ಮುಖ್ಯ ಕಾರಣವಾಗಿತ್ತು. ಆಟೊಕ್ಲೇವಿನಲ್ಲಿ ಬೆಂದ ಒಳ್ಳೆಯ ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ನಾರಿನದೇ, ರಂಧ್ರ ನೂರಕ್ಕೆ ಒಂದೆರಡು ಪಾಲು. ಚೂರು ನಾರಿನ ಮುದ್ರಣ ಇನ್ನೂ ಅದರ ಹತ್ತಿರ ಸುಳಿದಿಲ್ಲ. 2014ರಿಂದ ಮಾರ್ಕ್‌ಫೋರ್ಜ್ಡ್‌ನಂಥ ಕಂಪನಿಗಳು ತುಂಡಾಗದ ಉದ್ದ ನಾರನ್ನೇ ಹಾಸುವ ಯಂತ್ರಗಳನ್ನು ತಂದಿವೆ, ಚೆನ್ನೈನ ಫ್ಯಾಬ್‌ಹೆಡ್ಸ್ ನಮ್ಮಲ್ಲೂ ಆ ಹಾದಿಯಲ್ಲಿದೆ. ಅವೂ ಗೆಲ್ಲಬೇಕಾದದ್ದು ಪದರದಿಂದ ಪದರಕ್ಕೆ ದಾಟುವ ಆ ಮೂರನೆಯ ದಿಕ್ಕನ್ನೇ. ಬಿಸಿಯಲ್ಲಿ ಈ ಕೊರತೆ ಇಮ್ಮಡಿಸುತ್ತದೆ. ಆ ದಿಕ್ಕಿನಲ್ಲಿ ಭಾರ ಹೊರುವುದು ಬರೀ ರಾಳ, ಬಿಸಿಗೆ ಮೊದಲು ಸೋಲುವುದೂ ಅದೇ.

ನಮ್ಮ ದೇಶದ ಕಡೆ ತಿರುಗಿದರೆ, 2024ರ ವಸಂತದಲ್ಲಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ನಡೆದ ಎರಡು ಪರೀಕ್ಷೆಗಳನ್ನು ಜೊತೆಗಿಟ್ಟು ನೋಡಬೇಕು. ಎರಡೂ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನು ಪಿಎಸ್4ಕ್ಕೆ ಸೇರಿದವು. ಏಪ್ರಿಲ್ 2ರಂದು ಇಸ್ರೊ ಕಾರ್ಬನ್-ಕಾರ್ಬನ್ ನಳಿಕೆಯನ್ನು 200 ಸೆಕೆಂಡು ಉರಿಸಿತು, ಕಾವು 1,216 ಕೆಲ್ವಿನ್ ಮುಟ್ಟಿತು. ಕೊಲಂಬಿಯಂ ಲೋಹದ ಹಳೆಯ ನಳಿಕೆಗಿಂತ ಅದು ನೂರಕ್ಕೆ 67 ಪಾಲು ಹಗುರ, ರಾಕೆಟ್ಟು ಹೊರುವ ಭಾರಕ್ಕೆ 15 ಕಿಲೋ ಲಾಭ. ಮೇ 9ರಂದು ಅದೇ ಎಂಜಿನ್ನಿನ ಲೋಹದ ಭಾಗವನ್ನು ಲೇಸರಿನಿಂದ ಒಂದೇ ತುಂಡಾಗಿ ಮುದ್ರಿಸಿ 665 ಸೆಕೆಂಡು ಉರಿಸಲಾಯಿತು. ಮೊದಲು 14 ಬಿಡಿಭಾಗ, 19 ಬೆಸುಗೆ, ಈಗ ಒಂದೇ. 565 ಕಿಲೋ ಲೋಹ ಬೇಕಾಗಿದ್ದ ಕಡೆ 13.7 ಕಿಲೋ ಪುಡಿ ಸಾಕಾಯಿತು. ಮುದ್ರಿಸಿದ್ದು ಬೆಂಗಳೂರಿನ ವಿಪ್ರೊ 3ಡಿ.

ಎರಡು ವಿದ್ಯೆಗಳೂ ನಮ್ಮ ಕೈಯಲ್ಲಿವೆ, ಬೇರೆ ಬೇರೆ ಕೈಗಳಲ್ಲಿ. ಲೋಹ ಮುದ್ರಿಸುವವರಿಗೆ ನಾರಿನ ಪರಿಚಯ ಕಡಿಮೆ, ನಾರು ಹಾಸುವವರಿಗೆ ಪ್ರಿಂಟರಿನ ಪರಿಚಯ ಕಡಿಮೆ. ಕಾಲೇಜುಗಳು ಪ್ರಿಂಟರು ಕೊಳ್ಳುವ ಉತ್ಸಾಹದಲ್ಲಿ ಕಾಲುಭಾಗವನ್ನಾದರೂ ಅನಿಲ ತುಂಬಿದ ಕುಲುಮೆಗೆ, ರಾಳದ ರಸಾಯನಕ್ಕೆ, ಮುರಿದು ನೋಡುವ ಪರೀಕ್ಷಾಗೃಹಕ್ಕೆ ತೋರಿಸಬೇಕಿತ್ತು ಎಂಬ ಕೊರಗು ನನ್ನದು. ವಿಮಾನ ದರ್ಜೆಯ ಕಾರ್ಬನ್ ನಾರಿಗೆ ಇಂದಿಗೂ ನಾವು ಬಹುಪಾಲು ಹೊರದೇಶಗಳನ್ನೇ ನೆಚ್ಚಿದ್ದೇವೆ. 300 ಡಿಗ್ರಿ ತಾಳುವ ರಾಳವನ್ನು ಮುದ್ರಣಕ್ಕೆ ಒಗ್ಗುವ ಪುಡಿಯಾಗಿ ಮಾಡುವ ಕೆಲಸಕ್ಕೆ ಬೇಕಾಗುವುದು ದೊಡ್ಡ ಯಂತ್ರವಲ್ಲ, ಹತ್ತು ವರ್ಷ ಒಂದೇ ವಿಷಯಕ್ಕೆ ಅಂಟಿಕೊಳ್ಳುವ ಹತ್ತು ಮಂದಿ.

ಇಸ್ರೊ ತನ್ನ ನಳಿಕೆಯ ತಯಾರಿಯನ್ನು ವಿವರಿಸುವಾಗ, ನಾರು ಮತ್ತು ರಾಳದಿಂದ ಕಟ್ಟಿ ಇನ್ನೂ ಸುಡದ ಭಾಗವನ್ನು ಕರೆದ ಹೆಸರು ಕನ್ನಡಕ್ಕೆ ತಂದರೆ ಹಸಿ ಕಾಂಪೋಸಿಟ್. ಅದನ್ನು ಸುಟ್ಟು ಇಂಗಾಲವಾಗಿಸಿ, ಅನಿಲದಿಂದ ರಂಧ್ರ ತುಂಬಿಸಿ, ಮತ್ತೆ ಹೆಚ್ಚಿನ ಕಾವಿಗಿಟ್ಟು, ಗಾಳಿ ತಾಗಿ ಸವೆಯದಿರಲೆಂದು ಮೇಲೆ ಸಿಲಿಕಾನ್ ಕಾರ್ಬೈಡ್ ಬಳಿಯುತ್ತಾರೆ. ಈ ನಾಲ್ಕೂ ಹಂತಗಳಲ್ಲಿ ಪ್ರಿಂಟರಿಗೆ ಕೆಲಸವಿಲ್ಲ. ಅದಕ್ಕೆ ಜಾಗವಿರುವುದು ಇವೆಲ್ಲಕ್ಕೂ ಮೊದಲು, ಹಸಿ ಭಾಗದ ನಾರು ಯಾವ ದಿಕ್ಕಿಗೆ ಮಲಗಬೇಕೆಂದು ಗೊತ್ತಾಗುವ ಆ ಕೆಲವು ಗಂಟೆಗಳಲ್ಲಿ.